ಗಂಜಾಮಿನ ದೊಡ್ಡಸ್ವಾಮಿ

ಶ್ರೀರಂಗಪಟ್ಟಣದ ಕೋಟೆಯಿಂದ ಪೂರ್ವಕ್ಕೆ ಹೊರಟು ದರಿಯಾ ದೌಲತ್ ಅರಮನೆಯನ್ನು ದಾಟಿದ ಪ್ರವಾಸಿಗೆ ಗಂಜಾಮಿನಲ್ಲಿ ಎದುರಾಗುವ ಹಳೆಯ ಚರ್ಚು, ವೈಭವದಲ್ಲಿ ಟಿಪ್ಪುವಿನ ಸಮಾಧಿಯಾದ ಗುಂಬಜಿಗೆ ಎಣೆಯಲ್ಲವಾದರೂ, ಪರದೇಶಿಯೊಬ್ಬ ಈ ಸೀಮೆಯ ಮನೆಯವನಾದ ಬಗೆಯನ್ನು ಅರಿಯಬಯಸುವವರು ಮೊದಲು ನೋಡಬೇಕಾದ ಸ್ಥಳ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಪಟ್ಟಣವು ಬ್ರಿಟಿಷರ ಕೈಸೇರಿದ ಬಳಿಕ, ಚೆದುರಿದ್ದ ಕ್ರೈಸ್ತರನ್ನು ಮರಳಿ ಒಗ್ಗೂಡಿಸಲು ಇಲ್ಲಿಗೆ ಬಂದವರು ಫ್ರಾನ್ಸಿನ ಅಬ್ಬೆ ದುಬೋಯಿ. ‘ಅಬ್ಬೆ’ ಎಂಬುದು ಫ್ರೆಂಚರಲ್ಲಿ ಪಾದ್ರಿಗೆ ಸಲ್ಲುವ ಗೌರವದ ಮಾತು. ತಾಯಿ ಎಂಬರ್ಥದ ಕನ್ನಡದ ಅಬ್ಬೆಗೂ ಅದಕ್ಕೂ ನಂಟಿಲ್ಲ.

ದುಬೋಯಿ ಮಾಂಸಾಹಾರವನ್ನು ಬಿಟ್ಟು, ಇಲ್ಲಿನವರಂತೆ ಬಟ್ಟೆಯುಟ್ಟು, ಪೇಟ ಸುತ್ತಿ, ಇಲ್ಲಿನ ನಡೆನುಡಿಯನ್ನು ರೂಢಿಸಿಕೊಂಡದ್ದರಿಂದ ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಜನ ಅವರ ಮೇಲಿಟ್ಟಿದ್ದ ನಂಬಿಕೆಯ ಆಳ ತಿಳಿಯುವುದು 1803–04ರ ಸಿಡುಬಿನ ಕಾಲದಲ್ಲಿ. ದನದ ಸಿಡುಬಿನ ಕೀವನ್ನು ತೋಳಿನ ಗೀರಿಗೆ ಸೋಕಿಸುವ ‘ದೇವಿ ಹಾಕುವ’ ಕ್ರಮ ಆಗ ಹೊಸದಾಗಿದ್ದು, ಸಿಡುಬನ್ನು ಅಮ್ಮನೆಂದೇ ಪೂಜಿಸುತ್ತಿದ್ದ ಊರುಗಳಲ್ಲಿ 25,432 ಮಂದಿ ಅದನ್ನು ದುಬೋಯಿಯವರ ಮೂಲಕ ಹಾಕಿಸಿಕೊಂಡರೆಂಬುದು ದಾಖಲೆಯಲ್ಲಿದೆ. ಕೂಸಿನ ತೋಳನ್ನು ತಾಯಿ ಪರಕೀಯನ ಮುಂದೆ ಒಡ್ಡುವುದಕ್ಕಿಂತ ದೊಡ್ಡ ಆತಿಥ್ಯ ಇನ್ನೊಂದಿರಲಾರದು. ಆದರೂ ದುಬೋಯಿಯವರಿಗೆ ಖ್ಯಾತಿ ತಂದದ್ದು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಗ್ರಂಥ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡಿತು. ಆದರೆ ಅದರ ಬಹುಭಾಗ ಜೆಸ್ಯೂಟ್ ಪಾದ್ರಿ ಕೋರ್ದೂನ ಹಿಂದಿನ ಬರಹದಿಂದ ಬಂದದ್ದೆಂದು ವಿದ್ವಾಂಸರು ತೋರಿಸಿರುವುದರಿಂದ, ದುಬೋಯಿಯವರನ್ನು ಅಳೆಯಲು ಆ ಗ್ರಂಥಕ್ಕಿಂತ ದೇವಿ ಹಾಕಿದ ಕೆಲಸವೇ ತಕ್ಕ ಮಾನದಂಡ.

ಗಂಜಾಮಿನಿಂದ ಉತ್ತರಕ್ಕೆ ಸಾಗಿದರೆ, ಪರದೇಶಿಗಳು ತಂಗಿದ್ದ ಇನ್ನೊಂದು ಊರು ಪಾಂಡವಪುರ. ಹಿರೋಡೆಯೆಂದಿದ್ದ ಈ ಊರಿಗೆ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಬಂದಿತ್ತು. ಆದರೆ ಅದು ಬಿಡಾರದ ಹೆಸರೇ ಹೊರತು ಮನೆಯದಲ್ಲ. ಹೊರಗಿನಿಂದ ಬಂದವರು ಮನೆಯವರಾದ ಕಥೆಯೂ ಪಾಂಡವಪುರ ತಾಲ್ಲೂಕಿನಲ್ಲೇ ಇದೆ: ಅಲ್ಲಿನ ತೊಣ್ಣೂರು, ಮೇಲುಕೋಟೆಗಳಲ್ಲಿ, ಚೋಳರ ನಾಡನ್ನು ತೊರೆದು ಬಂದ ರಾಮಾನುಜಾಚಾರ್ಯರು ಹನ್ನೆರಡು ವರ್ಷ ನೆಲೆಸಿದ್ದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡವಾಡುವ ಮಂಡಯಂ ಅಯ್ಯಂಗಾರರ ಮನೆಗಳು ಮೇಲುಕೋಟೆಯಲ್ಲಿ ಇಂದಿಗೂ ಇವೆ.

ಇನ್ನು ದುಬೋಯಿ 1823ರಲ್ಲಿ ಭಾರತವನ್ನು ಬಿಟ್ಟರು, ಮತ್ತೆ ಮರಳಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ.