ನೆಂಟನೋ, ಮನೆಯವನೋ?

ನೆಂಟನಿಗೂ ಮನೆಯವನಿಗೂ ಇರುವ ವ್ಯತ್ಯಾಸ ಎಲ್ಲರಿಗೂ ತಿಳಿದದ್ದೇ. ನೆಂಟ ಬಂದಾಗ ಕಾಲಿಗೆ ನೀರು, ಕೂರಲು ಚಾಪೆ, ಎಲೆಯ ತುದಿಗೆ ಪಾಯಸ, ಉಪಚಾರಕ್ಕೆ ಕೊರತೆಯಿಲ್ಲ. ಆದರೆ ಬಾವಿಯ ಹಗ್ಗ ಎಲ್ಲಿ ಸವೆದಿದೆ, ಮಾಡಿನಲ್ಲಿ ಮಳೆಯ ನೀರು ಎಲ್ಲಿ ಸೋರುತ್ತದೆ, ಅಜ್ಜಿಯ ಕೆಮ್ಮು ರಾತ್ರಿ ಎಷ್ಟು ಹೊತ್ತಿಗೆ ಹೆಚ್ಚುತ್ತದೆ ಎಂಬುದು ಆತನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಊಟ ರುಚಿಸಿದರೆ ಎರಡು ದಿನ ಹೆಚ್ಚಾಗಿ ನಿಲ್ಲುತ್ತಾನೆ. ರುಚಿಸದಿದ್ದರೆ ಮರುದಿನದ ಬಸ್ಸಿಗೆ ಹೊರಟು ನಿಲ್ಲುತ್ತಾನೆ. ಮನೆಯವನಿಗೆ ಆ ಸ್ವಾತಂತ್ರ್ಯವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಆತ ಉಣ್ಣಬೇಕು. ಹೆಂಚು ಒಡೆದರೆ ಏಣಿ ಹತ್ತಬೇಕು.

ದೇವರ ಮನೆಯಲ್ಲಿಯೂ ನೆಂಟರುಂಟು, ಮನೆಯವರುಂಟು. ಕ್ರೈಸ್ತರಲ್ಲಿ ಇಂದು ನೆಂಟರ ಸಂಖ್ಯೆ ಬೆಳೆಯುತ್ತಿದೆ.

ಮಂಗಳೂರಿನ ಕಡೆಯ ಒಬ್ಬ ತರುಣನ ಸಂಗತಿಯನ್ನೇ ನೋಡಬಹುದು. ಆತ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟಾಗ, ತಂದೆ ಆತನ ಪೆಟ್ಟಿಗೆಯಲ್ಲಿ ಬಟ್ಟೆಗಳ ಮೇಲೆ ಒಂದು ಲಕೋಟೆಯನ್ನಿರಿಸಿದರು. ಊರಿನ ಸಭೆಯವರು ಬರೆದುಕೊಟ್ಟ ಪತ್ರ ಅದು. ಈತನು ನಮ್ಮಲ್ಲಿ ದೀಕ್ಷಾಸ್ನಾನ ಹೊಂದಿದವನು, ದೃಢೀಕರಣವಾದವನು, ನಿಮ್ಮ ಊರಿಗೆ ಬರುತ್ತಿದ್ದಾನೆ, ನಿಮ್ಮವನನ್ನಾಗಿ ಸೇರಿಸಿಕೊಳ್ಳಿರಿ ಎಂಬುದು ಅದರ ಸಾರಾಂಶ. “ಹೋದ ಮೊದಲ ಭಾನುವಾರವೇ ಅಯ್ಯನವರ ಕೈಗೆ ಕೊಡು, ಮಗಾ,” ಎಂದಿದ್ದರು ತಂದೆ. ಮಗ “ಆಗಲಪ್ಪಾ” ಎಂದ. ಹನ್ನೊಂದು ವರ್ಷ ಆ ಲಕೋಟೆ ಪೆಟ್ಟಿಗೆಯಿಂದ ಕಪಾಟಿಗೆ, ಕಪಾಟಿನಿಂದ ಮತ್ತೊಂದು ಬಾಡಿಗೆ ಮನೆಯ ಕಪಾಟಿಗೆ ಪಯಣಿಸಿತೇ ವಿನಾ ಯಾವ ಅಯ್ಯನವರ ಕೈಯನ್ನೂ ಸೇರಲಿಲ್ಲ.

ತರುಣ ಭಕ್ತಿಹೀನನೇನೂ ಆಗಿರಲಿಲ್ಲ. ಒಂದು ಭಾನುವಾರ ಸಂಗೀತ ಚೆನ್ನಾಗಿರುವಲ್ಲಿಗೆ, ಇನ್ನೊಂದು ಭಾನುವಾರ ಪ್ರಸಂಗ ಚೆನ್ನಾಗಿರುವಲ್ಲಿಗೆ, ಮಳೆ ಬಂದ ದಿನ ಮನೆಗೆ ಹತ್ತಿರವಿರುವಲ್ಲಿಗೆ ಹೋಗುತ್ತಿದ್ದ. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ದೇವಾಲಯಗಳ ಬಾಗಿಲು ಮುಚ್ಚಿ, ಆರಾಧನೆ ದೂರವಾಣಿಯ ಪರದೆಯ ಮೇಲೆ ಬರತೊಡಗಿದ ಮೇಲೆ ಆತನ ಅನುಕೂಲ ಇನ್ನೂ ಹೆಚ್ಚಿತು. ಬಾಗಿಲುಗಳು ಮತ್ತೆ ತೆರೆದವು. ಆತನ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಕಾಫಿ ಕುಡಿಯುತ್ತ ಪ್ರಸಂಗ ಕೇಳಬಹುದು. ಬೇಸರವಾದರೆ ಬೆರಳ ತುದಿಯಿಂದ ಪ್ರಸಂಗಿಯ ಬಾಯಿ ಮುಚ್ಚಿಸಬಹುದು. ಇಷ್ಟು ಅಧಿಕಾರ ಯಾವ ಬಿಷಪ್ಪರಿಗೂ ಇದ್ದಂತಿಲ್ಲ!

ಯಾರಾದರೂ ಕೇಳಿದರೆ ಆತನ ಉತ್ತರ ಸಿದ್ಧವಾಗಿತ್ತು: “ದೇವರು ನೋಡುವುದು ಹೃದಯವನ್ನು; ರಿಜಿಸ್ಟರನ್ನಲ್ಲ.” ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಆ ರಿಜಿಸ್ಟರು ಏಕೆ ಹುಟ್ಟಿತೆಂಬುದನ್ನು ಆತನ ಊರಿನ ಚರಿತ್ರೆಯೇ ಹೇಳಬಲ್ಲದಾಗಿತ್ತು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಕನ್ನಡಿಗರು ಅವರನ್ನು ಸ್ಮರಿಸುವುದು ಹೆಚ್ಚಾಗಿ ಅಕ್ಷರದ ಸೇವೆಗಾಗಿ: ೧೮೪೩ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು. ಆದರೆ ಅಂದು ಸಭೆಗೆ ಸೇರಿದ ಬಡ ಕುಟುಂಬಗಳ ಪಾಲಿಗೆ ಮೊದಲಿನ ಚಿಂತೆ ನಿಘಂಟಿನದಲ್ಲ, ಗಂಜಿಯದು. ಹೊಸ ಮತವನ್ನು ಸೇರಿದವನಿಗೆ ಕುಟುಂಬದ ಬಾಗಿಲೂ ಕಸುಬಿನ ಬಾಗಿಲೂ ಎಷ್ಟೋ ವೇಳೆ ಒಮ್ಮೆಲೇ ಮುಚ್ಚುತ್ತಿದ್ದವು. ಹುಟ್ಟಿದ ಮನೆಯಲ್ಲಿ ಆತನಿಗೆ ಪಾಲಿಲ್ಲ, ಸತ್ತರೆ ಹೊರುವವರಿಲ್ಲ. ಅಂಥವನಿಗೆ ಸಭೆಯೇ ಮನೆಯಾಗಬೇಕಾಯಿತು. ನೇಯ್ಗೆಯ ಶಾಲೆಗಳು, ಮುದ್ರಣಾಲಯ, ೧೮೬೫ರಲ್ಲಿ ಪ್ರಾರಂಭವಾದ ಹೆಂಚಿನ ಕಾರ್ಖಾನೆ, ಇವೆಲ್ಲ ಬೆಳೆದದ್ದರ ಹಿಂದೆ ಈ ಅಗತ್ಯವೂ ಇತ್ತು. ಅಂದಿನ ರಿಜಿಸ್ಟರಿನಲ್ಲಿ ಒಂದು ಹೆಸರು ಬರೆದರೆಂದರೆ, ಈತನ ಹಸಿವಿಗೆ, ಈತನ ಮಕ್ಕಳ ಓದಿಗೆ, ಈತನ ಸಮಾಧಿಗೆ ನಾವು ಹೊಣೆಯೆಂದು ಹತ್ತು ಮಂದಿ ಒಪ್ಪಿದರೆಂದು ಅರ್ಥ. ತಾನೂ ಉಳಿದವರ ಹಸಿವಿಗೆ ಹೊಣೆಯೆಂದು ಆತನೂ ಒಪ್ಪಿದನೆಂದು ಅರ್ಥ.

ಮೊದಲನೆಯ ಮಹಾಯುದ್ಧ ೧೯೧೪ರಲ್ಲಿ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿರಿಸಿತು. ಅನೇಕರು ದೇಶವನ್ನೇ ಬಿಡಬೇಕಾಯಿತು. ಸಭೆಯೆಂದರೆ ಮಿಶನರಿಯೇ ಆಗಿದ್ದ ಪಕ್ಷದಲ್ಲಿ ಅಂದೇ ಅದು ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಸ್ಥಳೀಯ ಬೋಧಕರೂ ಹಿರಿಯರೂ ಗಂಟೆ ಬಾರಿಸಿದರು, ಮಕ್ಕಳಿಗೆ ಪಾಠ ಹೇಳಿದರು, ಸತ್ತವರನ್ನು ಮಣ್ಣು ಮಾಡಿದರು. ಪ್ರಸಂಗಿಯನ್ನು ಕೇಳಲು ಕೂಡಿದ ಗುಂಪು ಪ್ರಸಂಗಿ ಹೋದೊಡನೆ ಚದುರುತ್ತದೆ. ಒಬ್ಬರಿಗೊಬ್ಬರು ಹೊಣೆಯಾದವರ ಸಭೆ ಉಳಿಯುತ್ತದೆ.

ಇದು ಪರದೇಶದಿಂದ ಬಂದ ಆಡಳಿತ ಪದ್ಧತಿ ಮಾತ್ರ ಎಂದು ಕೆಲವರು ಹೇಳುವುದುಂಟು. ಹೊಸ ಒಡಂಬಡಿಕೆಯನ್ನು ತೆರೆದರೆ ಹಾಗೆ ತೋರುವುದಿಲ್ಲ. ಪೌಲನು ಪತ್ರ ಬರೆದದ್ದು ಕೊರಿಂಥದ, ಫಿಲಿಪ್ಪಿಯ, ಥೆಸಲೋನಿಕದ ಸಭೆಗಳಿಗೆ. ಹೆಸರಿರುವ ಊರುಗಳಿಗೆ, ಹೆಸರಿರುವ ಮನುಷ್ಯರಿಗೆ. ವಿಶ್ವಾಸಿಗಳ ಸಮೂಹವನ್ನು ಆತ ದೇಹಕ್ಕೆ ಹೋಲಿಸಿದ. ಕಣ್ಣು ಕೈಯನ್ನು ಬೇಡವೆನ್ನಲಾರದು. ಒಂದಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು. ದೇಹದಿಂದ ದೂರವಿದ್ದುಕೊಂಡು ದೇಹವನ್ನು ಪ್ರೀತಿಸುವ ಬೆರಳನ್ನು ಯಾರಾದರೂ ಕಂಡದ್ದುಂಟೇ? ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಅರವತ್ತು ವರ್ಷ ತುಂಬಿದ ದಿಕ್ಕಿಲ್ಲದ ವಿಧವೆಯರನ್ನು ಪಟ್ಟಿಗೆ ಸೇರಿಸುವ ವಿಚಾರ ಬರುತ್ತದೆ. ಆಗಲೇ ಪಟ್ಟಿಯಿತ್ತು! ಯಾರನ್ನು ಸಲಹಬೇಕೆಂದು ತಿಳಿಯದೆ ಸಲಹುವುದು ಹೇಗೆ? ತಪ್ಪು ಮಾಡಿದ ಸಹೋದರನಿಗೆ ಮೊದಲು ಏಕಾಂತದಲ್ಲಿ, ಬಳಿಕ ಒಬ್ಬಿಬ್ಬರ ಮುಂದೆ, ಕೊನೆಗೆ ಸಭೆಗೆ ತಿಳಿಸಿ ಬುದ್ಧಿ ಹೇಳಬೇಕೆಂದು ಯೇಸುಸ್ವಾಮಿಯ ಉಪದೇಶ. ಯಾವ ಸಭೆಗೂ ಸೇರದವನ ತಪ್ಪನ್ನು ಯಾರು ಹೇಳಬೇಕು, ಯಾರಿಗೆ ಹೇಳಬೇಕು?

ಕನ್ನಡ ನಾಡಿಗೆ ಇದು ಅಪರಿಚಿತ ವಿಚಾರವೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಸಂಗದ ಮಹಿಮೆಯನ್ನು ಎಷ್ಟು ಬಗೆಯಲ್ಲಿ ಸಾರಿದರೆಂಬುದನ್ನು ವಚನಗಳನ್ನೋದಿದವರೆಲ್ಲ ಬಲ್ಲರು. ಒಬ್ಬಂಟಿಯ ಭಕ್ತಿ ಬಹುಬೇಗ ತನ್ನನ್ನೇ ಮೆಚ್ಚಿಕೊಳ್ಳತೊಡಗುತ್ತದೆ.

ಸಭೆಗೆ ಸೇರಲು ಹಿಂಜರಿಯುವವರ ಆಕ್ಷೇಪಗಳಲ್ಲಿ ಬಲವಾದದ್ದು ಬೇರೊಂದಿದೆ. ಸಭೆಗಳಲ್ಲಿ ಜಗಳವಿದೆ. ಸಮಿತಿಯ ಚುನಾವಣೆಯಲ್ಲಿ ಪಕ್ಷಗಳಿವೆ. ಆಸ್ತಿಯ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಮದುವೆಯ ಮಾತು ಬಂದಾಗ, ಬಿಟ್ಟೆವೆಂದು ಹೇಳಿದ ಜಾತಿ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಇವನ್ನೆಲ್ಲ ಇಲ್ಲವೆನ್ನುವುದು ಅಸತ್ಯವಾದೀತು. ಕಂಡು ನೊಂದವರು ದೂರ ಸರಿದರೆ ಅವರನ್ನು ಹಳಿಯುವುದೂ ಸಲ್ಲದು. ಆದರೆ ಯೆರೂಸಲೇಮಿನ ಮೊಟ್ಟಮೊದಲ ಸಭೆಯಲ್ಲಿಯೂ ಜಗಳವಿತ್ತು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಅಲಕ್ಷಿಸುತ್ತಾರೆಂದು ಗೊಣಗಾಟ ಎದ್ದಿತು. ಗೊಣಗಿದವರು ಎದ್ದು ಹೋಗಲಿಲ್ಲ. ಕೇಳಿದವರು ಕಿವಿ ಮುಚ್ಚಿಕೊಳ್ಳಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚುವ ಕೆಲಸವನ್ನು ಅವರಿಗೊಪ್ಪಿಸಿದರು. ಅನ್ಯಾಯವನ್ನು ತಿದ್ದುವ ಹಕ್ಕು ಮನೆಯವನದು. ನೆಂಟನು ಟೀಕಿಸಬಹುದು, ತಿದ್ದಲಾರ. ಸಮಿತಿಯನ್ನು ಆರಿಸುವ ಮತವೂ ಲೆಕ್ಕ ಕೇಳುವ ಅಧಿಕಾರವೂ ಸದಸ್ಯನದು; ಒಳ್ಳೆಯವರೆಲ್ಲ ಹೊಸ್ತಿಲಾಚೆ ನಿಂತರೆ ಒಳಗಿನ ದೀಪಕ್ಕೆ ಎಣ್ಣೆ ಹಾಕುವವರಾರು?

ಇನ್ನು ಕೆಲವರು, “ನಾವು ವಿಶ್ವದ ಸಭೆಗೆ ಸೇರಿದವರು, ಈ ಸಣ್ಣ ಸಭೆ ಏಕೆ?” ಎನ್ನುತ್ತಾರೆ. ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, ೧೯೪೭ರ ಸಪ್ಟೆಂಬರ್ ೨೭ರಂದು, ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಮದರಾಸಿನಲ್ಲಿ ಒಂದುಗೂಡಿ ದಕ್ಷಿಣ ಭಾರತ ಸಭೆಯಾದವು. ಕ್ರೈಸ್ತ ಚರಿತ್ರೆಯಲ್ಲಿ ಅದು ದೊಡ್ಡ ಘಟನೆ. ಅಂಥ ಐಕ್ಯದಲ್ಲಿ ಕೂಡ ಮನುಷ್ಯನ ಹೆಸರು ಬರೆಯುವುದು ಯಾವುದೋ ಒಂದು ಊರಿನ, ಒಂದು ದೇವಾಲಯದ ಪುಸ್ತಕದಲ್ಲಿಯೇ. ಕಡಲನ್ನು ಸೇರಬೇಕೆನ್ನುವ ದೋಣಿಯೂ ಯಾವುದೋ ಒಂದು ಅಳಿವೆಯಿಂದಲೇ ಹೊರಡಬೇಕಷ್ಟೆ.

ಮತ್ತೆ ಆ ತರುಣನ ಸಂಗತಿ. ತಾಯಿ ತೀರಿಕೊಂಡ ಮೇಲೆ ತಂದೆ ಊರಿನ ಮನೆಗೆ ಬೀಗ ಹಾಕಿ ಮಗನೊಡನಿರಲು ಬೆಂಗಳೂರಿಗೆ ಬಂದರು. ಬರುವಾಗ ಅವರ ಜೇಬಿನಲ್ಲಿಯೂ ಒಂದು ಲಕೋಟೆಯಿತ್ತು. ಮೊದಲ ಭಾನುವಾರವೇ ದಾರಿ ಕೇಳಿಕೊಂಡು, ಎರಡು ಬಸ್ಸು ಬದಲಿಸಿ, ಕನ್ನಡದ ಆರಾಧನೆ ನಡೆಯುವ ಒಂದು ಸಣ್ಣ ದೇವಾಲಯಕ್ಕೆ ಹೋಗಿ ಅದನ್ನು ಒಪ್ಪಿಸಿ ಬಂದರು. “ಪ್ರಸಂಗ ಹೇಗಿತ್ತಪ್ಪಾ?” ಎಂದು ಮಗ ಕೇಳಿದಾಗ, “ಉದ್ದವಾಯಿತು,” ಎಂದರು, “ಮುಂದಿನ ವಾರ ಬೆಳೆ ಹಬ್ಬವಂತೆ, ಏಲಂ ಕೂಗುವವರಿಲ್ಲ, ನಾನು ಕೂಗುತ್ತೇನೆಂದು ಹೇಳಿ ಬಂದೆ.” ಆ ಹಬ್ಬದಲ್ಲಿ ಒಂದು ಕುಂಬಳಕಾಯಿಯನ್ನು ಮೂರು ಸಾರಿ ಮಾರಿ, ಮೂರು ಸಾರಿಯೂ ಕೊಂಡವರಿಂದ ಮರಳಿ ಸಭೆಗೇ ಕಾಣಿಕೆಯಾಗಿ ಕೊಡಿಸಿದರೆಂಬ ಕೀರ್ತಿ ಅವರಿಗೆ ಬಂತು.

ಎರಡು ವರ್ಷಗಳ ಬಳಿಕ ಅವರು ಹಾಸಿಗೆ ಹಿಡಿದರು. ಮಗನಿಗೆ ಕೆಲಸ, ಸೊಸೆಗೆ ಕೂಸು. ಒಂದು ಸಂಜೆ ಬಾಗಿಲು ತಟ್ಟಿದ ಶಬ್ದ. ನಿವೃತ್ತರಾದ ಒಬ್ಬ ಉಪಾಧ್ಯಾಯರು, ಕೈಯಲ್ಲಿ ಗಂಜಿಯ ಡಬ್ಬಿ. “ಇಂದು ರಾತ್ರಿ ನನ್ನ ಪಾಳಿ. ನೀವು ಮಲಗಿಕೊಳ್ಳಿ, ತಮ್ಮಾ,” ಎಂದರು. ಮರುದಿನ ಒಬ್ಬ ಆಟೋ ಚಾಲಕ, ಅದರ ಮರುದಿನ ಸ್ತ್ರೀಯರ ಕೂಟದ ಇಬ್ಬರು. ಭಾನುವಾರ ಮಧ್ಯಾಹ್ನ ಅಯ್ಯನವರೇ ಬಂದು ಹಾಸಿಗೆಯ ಬಳಿಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೊಟ್ಟರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದ ಮಗನಿಗೆ ಇವರಲ್ಲಿ ಒಬ್ಬರ ಹೆಸರೂ ತಿಳಿಯದು; ಎರಡು ವರ್ಷವಷ್ಟೇ ಇದ್ದ ತಂದೆಗೆ ಅವರ ಮಕ್ಕಳ ಪರೀಕ್ಷೆಯ ಫಲಿತಾಂಶ ಕೂಡ ತಿಳಿದಿತ್ತು.

ತಂದೆ ತೀರಿಕೊಂಡ ದಿನ ಸಮಾಧಿಯ ಹತ್ತಿರ ನಲವತ್ತು ಮಂದಿ ನಿಂತಿದ್ದರು. ಹಾಡು ಹೇಳಿದರು; ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಹಾಡಿನ ಎರಡನೆಯ ಪದ್ಯ ಮಗನಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಆಟೋ ಚಾಲಕ ತನ್ನ ಪುಸ್ತಕವನ್ನು ಅತ್ತ ಸರಿಸಿ ಬೆರಳಿಟ್ಟು ತೋರಿಸಿದ. ಆ ಕ್ಷಣ ಆತನ ಮನಸ್ಸಿಗೆ ಬಂದದ್ದು ದುಃಖವಷ್ಟೇ ಅಲ್ಲ. ಪರದೆಯ ಮೇಲೆ ತಾನು ಕೇಳಿದ ನೂರಾರು ಪ್ರಸಂಗಿಗಳಲ್ಲಿ ತನ್ನ ತಂದೆಯ ಶವವನ್ನು ಹೊರಲು ಬರಬಲ್ಲವರು ಯಾರೂ ಇರಲಿಲ್ಲ. ಅದು ಅವರ ತಪ್ಪಲ್ಲ; ಅವರಿಗೆ ಆತನ ಹೆಸರೇ ತಿಳಿಯದು. ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ವರ್ಷಗಳಲ್ಲಿ ಆ ನಗರದಲ್ಲಿ ಎಷ್ಟು ಮಂದಿ ಹಾಸಿಗೆ ಹಿಡಿದಿದ್ದರೋ, ಅವರಲ್ಲಿ ಒಬ್ಬರ ಬಳಿಯೂ ತಾನು ಒಂದು ರಾತ್ರಿ ಕುಳಿತಿರಲಿಲ್ಲ ಎಂಬುದು ಆತನನ್ನು ಚುಚ್ಚಿತು.

ಮೂರು ವಾರ ಕಳೆದು ಆತ ಆ ಹಳೆಯ ಲಕೋಟೆಯನ್ನು ಹಿಡಿದು ಅಯ್ಯನವರ ಮನೆಗೆ ಹೋದ. ಅವರು ಓದಿ, ತಾರೀಖನ್ನು ನೋಡಿ, ಮುಗುಳ್ನಕ್ಕರು. “ಇದು ತುಂಬ ಹಳೆಯದಾಯಿತು. ಊರಿನ ಸಭೆಗೆ ಬರೆದು ಹೊಸ ಪತ್ರ ತರಿಸಿಕೊಡಿ,” ಎಂದರು. ಆತ ಎದ್ದು ನಿಂತಾಗ ಮತ್ತೆ ಹೇಳಿದರು: “ಪತ್ರ ಬರುವ ತನಕ ಕಾಯಬೇಕಾಗಿಲ್ಲ. ಆ ಉಪಾಧ್ಯಾಯರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ. ಗುರುವಾರ ರಾತ್ರಿಗೆ ಯಾರೂ ಸಿಕ್ಕಿಲ್ಲ.”

ಮಂಗಳೂರಿನ ಹೆಂಚನ್ನು ಕಂಡವರಿಗೆ ಗೊತ್ತು: ಅದರ ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸುವ ಕೊಕ್ಕೆಯಿರುತ್ತದೆ, ಅಂಚಿನಲ್ಲಿ ಪಕ್ಕದ ಹೆಂಚಿನೊಡನೆ ಕೂಡಿಕೊಳ್ಳುವ ಗೀರಿರುತ್ತದೆ. ಒಂಟಿಯಾಗಿ ಅಂಗಳದಲ್ಲಿ ಬಿದ್ದಿರುವ ಹೆಂಚು ಎಷ್ಟೇ ಚೆನ್ನಾಗಿ ಬೆಂದಿದ್ದರೂ ಯಾರ ತಲೆಯನ್ನೂ ಮಳೆಯಿಂದ ಕಾಯದು. ಮಾಡಿನ ಮೇಲೆ ಏರಿ, ಒಂದರ ಅಂಚು ಇನ್ನೊಂದಕ್ಕೆ ಆನಿಸಿದಾಗಲೇ ಅದು ಹೆಂಚು. ಅಲ್ಲಿ ಬಿಸಿಲೂ ಉಂಟು, ಪಾಚಿಯೂ ಉಂಟು, ಆಗಾಗ ಕಾಗೆಯ ಕಾಟವೂ ಉಂಟು. ಆದರೆ ಕೆಳಗೆ ಯಾರೋ ನೆನೆಯದೆ ಮಲಗಿರುತ್ತಾರೆ.

ಗುರುವಾರ ರಾತ್ರಿ ಉಪಾಧ್ಯಾಯರ ಬಾಗಿಲು ತಟ್ಟಿದ ಶಬ್ದ ಕೇಳಿ, “ಯಾರು?” ಎಂದು ಒಳಗಿನಿಂದ ಕೇಳಿದರು. ಹೊರಗಿನಿಂದ ಉತ್ತರ ಬಂತು: “ಸಭೆಯವನು, ಮೇಷ್ಟರೇ.”