ಯಲಹಂಕದ ದೊಡ್ಡಪ್ಪನವರ ‘ನೋಡೋಣ’

ಪ್ರತಿ ವರ್ಷ ಮಾರ್ಗಶಿರ ಮಾಸದಲ್ಲಿ ಒಂದು ದಿನ ನಾನು ಬೆಳಗ್ಗೆ ಬೇಗನೆ ಸ್ನಾನ ಮುಗಿಸಿ ಬಸವನಗುಡಿಯಿಂದ ಯಲಹಂಕಕ್ಕೆ ಹೊರಡುತ್ತೇನೆ. ಅಂದು ನಮ್ಮ ದೊಡ್ಡಪ್ಪನವರ ತಿಥಿ. ಯಲಹಂಕದ ಹಳೆಯ ಊರಿನಲ್ಲಿ ಅವರ ಮನೆಯಿದೆ. ಅವರ ಮಗ, ನನಗೆ ಅಣ್ಣನಾದವನು, ಈಗಲೂ ಅಲ್ಲಿಯೇ ಇದ್ದಾನೆ. ನೆಟ್ಟಗೆ ಹೋದರೆ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆದರೆ ನಾನು ನೆಟ್ಟಗೆ ಹೋಗುವುದಿಲ್ಲ. ಯಶವಂತಪುರದಲ್ಲಿ ಮೆಟ್ರೋ ಇಳಿದು, ಮೇಖ್ರಿ ವೃತ್ತ, ಆರ್.ಟಿ. ನಗರ, ಹೆಬ್ಬಾಳಗಳನ್ನು ಬಳಸಿಕೊಂಡು, ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಮನೆ ಸೇರುತ್ತೇನೆ. ಆ ದಾರಿಯ ಒಂದೊಂದು ತಿರುವಿನಲ್ಲಿಯೂ ದೊಡ್ಡಪ್ಪನವರ ಒಂದೊಂದು ಮಾತು ನನಗಾಗಿ ಕಾದಿರುವಂತೆ ತೋರುತ್ತದೆ.

ಮಾತು ಎಂದೆನಲ್ಲವೆ? ವಾಸ್ತವವಾಗಿ ಅದು ಒಂದೇ ಮಾತು. ದೊಡ್ಡಪ್ಪನವರು ಮಾಧ್ಯಮಿಕ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಹೊಸದಾದ ಯಾವುದರಲ್ಲಿಯೂ ಅವರಿಗೆ ಕೂಡಲೆ ನಂಬಿಕೆ ಹುಟ್ಟುತ್ತಿರಲಿಲ್ಲ. ಹೊಸ ಅಕ್ಕಿ, ಹೊಸ ವೈದ್ಯ, ಹೊಸ ಸರ್ಕಾರ, ಈ ಮೂರರ ವಿಷಯದಲ್ಲಿಯೂ ಅವರ ಅಭಿಪ್ರಾಯ ಒಂದೇ: “ನೋಡೋಣ.”

ಯಶವಂತಪುರದಲ್ಲಿ ಇಳಿದಾಗಲೆಲ್ಲ ನನಗೆ ನೆನಪಾಗುವುದು 1983ರ ಜನವರಿ ತಿಂಗಳು. ಆಗ ಇಲ್ಲಿ ತಲೆಯ ಮೇಲೆ ಓಡುವ ರೈಲೂ ಇರಲಿಲ್ಲ, ಅದರಡಿಯಲ್ಲಿ ಕಂಬಗಳ ಕಾಡೂ ಇರಲಿಲ್ಲ. ಪಾವಗಡದ ಕಡೆಯ ನಮ್ಮ ಹಳ್ಳಿಗೆ ಹೋಗಿದ್ದ ದೊಡ್ಡಪ್ಪನವರನ್ನು ಕರೆತರಲು ನಾನು ತುಮಕೂರು ರಸ್ತೆಯ ಪಕ್ಕದಲ್ಲಿ ಬಸ್ಸಿಗಾಗಿ ಕಾದಿದ್ದೆ. ಆ ತಿಂಗಳ 10ನೆಯ ತಾರೀಖಿನಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಕರ್ನಾಟಕಕ್ಕೆ ಕಾಂಗ್ರೆಸ್ಸಿನ ಹೊರಗಿನವರ ಸರ್ಕಾರವೊಂದು ಬಂದದ್ದು ಅದೇ ಮೊದಲು. ನನಗೆ ಆಗ ಇಪ್ಪತ್ತೆರಡು ವರ್ಷ. ಊರಿನ ಕಾಫಿ ಹೋಟೆಲುಗಳಲ್ಲೆಲ್ಲ ಯುಗವೇ ಬದಲಾಯಿತೆಂಬ ಸಡಗರ. ಬಸ್ಸಿನಿಂದಿಳಿದ ದೊಡ್ಡಪ್ಪನವರ ಕೈಚೀಲವನ್ನು ತೆಗೆದುಕೊಳ್ಳುವ ಮೊದಲೇ ನಾನು ಹೆಗಡೆಯವರ ಮಾತನ್ನೆತ್ತಿದೆ.

“ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ,” ಎಂದರು ಅವರು. “ಇನ್ನೂರ ಇಪ್ಪತ್ತನಾಲ್ಕರಲ್ಲಿ ತೊಂಬತ್ತೈದು ಸ್ಥಾನ. ಉಳಿದದ್ದಕ್ಕೆಲ್ಲ ಹೊರಗಿನವರ ಹೆಗಲು. ಒಂದು ವರ್ಷ ನಿಂತರೆ ಹೆಚ್ಚು. ನೋಡೋಣ.”

1952ರಿಂದ ಕಾಂಗ್ರೆಸ್ಸಿಗೇ ಮತ ಹಾಕಿದ್ದ ಹಿರಿಯರಿಂದ ಇನ್ನೇನು ನಿರೀಕ್ಷಿಸುವುದು ಎಂದು ನಾನು ಮನಸ್ಸಿನಲ್ಲಿಯೇ ನಕ್ಕೆ. ಒಂದು ವರ್ಷದ ಲೆಕ್ಕದಲ್ಲಿ ಅವರು ತಪ್ಪಿದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಧಿಕಾರವನ್ನು ಜಿಲ್ಲೆಗಳಿಗೆ ಹಂಚುವ ಪಂಚಾಯತಿ ಶಾಸನದ ವಿಷಯದಲ್ಲಿಯೂ ಅವರ ಅನುಮಾನ ಬಲವಾಗಿತ್ತು. ಹಳ್ಳಿಯ ಜಗಳಗಳಿಗೆ ಕುರ್ಚಿಯನ್ನೂ ಕೊಟ್ಟಂತಾಯಿತೆಂದು ಗೊಣಗಿದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ನಾಲ್ಕರಲ್ಲೊಂದು ಪಾಲು ಸ್ಥಾನ ಮಹಿಳೆಯರಿಗೆ ಮೀಸಲಾದಾಗ ಅವರು ಗೊಣಗುವುದನ್ನು ನಿಲ್ಲಿಸಿದರು. ಆದರೆ ಮೆಚ್ಚಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ.

ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುವಾಗ ಒಂದು ಸಂಗತಿ ನನ್ನ ಮನಸ್ಸಿಗೆ ಬರುತ್ತದೆ. ಈ ರೈಲಿಗೆ 2006ರಲ್ಲಿ ಶಿಲಾನ್ಯಾಸವಾದಾಗ ಇದ್ದ ಮುಖ್ಯಮಂತ್ರಿ ಒಬ್ಬರು. 2011ರಲ್ಲಿ ಊರಿನ ಮೊದಲ ಗಾಡಿ ಬೈಯಪ್ಪನಹಳ್ಳಿಯಿಂದ ಹೊರಟಾಗ ಇದ್ದವರು ಇನ್ನೊಬ್ಬರು. 2014ರಲ್ಲಿ ಅದು ಯಶವಂತಪುರವನ್ನು ಹಾದುಹೋದಾಗ ಮತ್ತೊಬ್ಬರು. ನಡುವೆ ಬಂದು ಹೋದವರು ಬೇರೆ. ಅವರೊಬ್ಬೊಬ್ಬರ ಜನಪ್ರಿಯತೆ ಏರಿತು, ಇಳಿಯಿತು. ಗಾಡಿಯಲ್ಲಿ ನನ್ನ ಎದುರಿಗೆ ಕುಳಿತು ನಿದ್ದೆ ಹೋಗುತ್ತಿದ್ದ ತರುಣನಿಗೆ ಅವರಲ್ಲಿ ಯಾರೊಬ್ಬರ ನೆನಪೂ ಇದ್ದಂತಿರಲಿಲ್ಲ.

ಯಶವಂತಪುರದಿಂದ ಆಟೋ ಹಿಡಿದು, ವಿಜ್ಞಾನ ಮಂದಿರದ ಮರಗಳ ನೆರಳಿನಲ್ಲಿ ಸಾಗಿ ಮೇಖ್ರಿ ವೃತ್ತಕ್ಕೆ ಬಂದರೆ ಕೆಂಪೇಗೌಡರ ಹೆಸರಿನ ಗೋಪುರ. ಊರು ಇಲ್ಲಿಯವರೆಗೆ ಬೆಳೆದೀತೆಂದು ನಾಲ್ಕು ದಿಕ್ಕಿಗೂ ಗಡಿ ನಿಲ್ಲಿಸಿದರೆಂದು ಹೇಳಿಕೆ. ಊರು ಆ ಗಡಿಯನ್ನು ಎಂದೋ ದಾಟಿ, ಯಲಹಂಕವನ್ನು ನುಂಗಿ, ದೇವನಹಳ್ಳಿಯ ಹೊಸ್ತಿಲಿಗೆ ಹೋಗಿ ಕುಳಿತಿದೆ. ಯಲಹಂಕದ ಆ ನಾಡಪ್ರಭುವನ್ನು ಅವನ ಕಾಲದಲ್ಲಿ ಮೇಲಿನವರು ಆನೆಗೊಂದಿಯ ಸೆರೆಯಲ್ಲಿಟ್ಟಿದ್ದರೆಂದು ಪರಂಪರೆ ಹೇಳುತ್ತದೆ. 2022ರಲ್ಲಿ ವಿಮಾನ ನಿಲ್ದಾಣದ ಬಳಿ ಅವನಿಗೆ 108 ಅಡಿಯ ಪ್ರತಿಮೆ ನಿಂತಿತು. ನಡುವಿನ ನಾಲ್ಕೂವರೆ ಶತಮಾನ ಅವನ ಜನಪ್ರಿಯತೆ ಎಷ್ಟು ಅಂಶಗಳಲ್ಲಿತ್ತೋ ಅಳೆದವರಿಲ್ಲ.

ಅಲ್ಲಿಂದ ಬಲಕ್ಕೆ ಹೊರಳಿದರೆ ಆರ್.ಟಿ. ನಗರ. ರವೀಂದ್ರನಾಥ ಠಾಕೂರರ ಹೆಸರು ಹೊತ್ತ ಬಡಾವಣೆಯೆಂಬುದನ್ನು ಅಲ್ಲಿರುವವರೇ ಅರ್ಧ ಮಂದಿ ಮರೆತಿದ್ದಾರೆ. ಬಸವರಾಜ ಬೊಮ್ಮಾಯಿಯವರು 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದಾಗ ಇಲ್ಲಿನ ಅವರ ಮನೆಯ ಮುಂದೆ ಕಾರುಗಳು, ಹಾರಗಳು, ಅರ್ಜಿ ಹಿಡಿದವರು. 2023ರ ಮೇ ತಿಂಗಳಲ್ಲಿ ಅವರ ಪಕ್ಷ 66 ಸ್ಥಾನಕ್ಕೆ ಇಳಿಯಿತು. ಅವರ ತಂದೆ ಎಸ್.ಆರ್. ಬೊಮ್ಮಾಯಿಯವರದು ಇನ್ನೂ ವಿಚಿತ್ರವಾದ ಕಥೆ. 1988ರ ಆಗಸ್ಟಿನಲ್ಲಿ ಅಧಿಕಾರಕ್ಕೆ ಬಂದ ಅವರ ಸರ್ಕಾರವನ್ನು, ಸದನದಲ್ಲಿ ಬಲ ತೋರಿಸಲು ಅವಕಾಶವನ್ನೇ ಕೊಡದೆ, 1989ರ ಏಪ್ರಿಲಿನಲ್ಲಿ ವಜಾ ಮಾಡಿದರು. ಜನಮನ್ನಣೆಯಿಂದ ಅವರ ಹೆಸರು ಉಳಿಯಿತೆನ್ನುವಂತಿಲ್ಲ. ಅವರ ಹೆಸರಿನ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನಿಂದ ಉಳಿಯಿತು. ಸರ್ಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಇಂದು ಕಾನೂನು ಓದುವ ಹುಡುಗರೆಲ್ಲ ಅವರ ಹೆಸರನ್ನು ಹಿಡಿದೇ ಕಲಿಯುತ್ತಾರೆ.

ನನಗೆ ಆರ್.ಟಿ. ನಗರವೆಂದರೆ ನೆನಪಾಗುವುದು ಬೇರೆ. ಅಲ್ಲಿ ನಮ್ಮ ಸೋದರತ್ತೆಯ ಮನೆಯಿತ್ತು. 1985ರ ಹೊಸ ವರ್ಷದ ವಾರ ನಾವೆಲ್ಲ ಅಲ್ಲಿ ಊಟಕ್ಕೆ ಸೇರಿದ್ದೆವು. ಹಿಂದಿನ ವಾರವಷ್ಟೆ ಲೋಕಸಭಾ ಚುನಾವಣೆ ಮುಗಿದು, ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾಗಿದ್ದವು. ಜನರ ವಿಶ್ವಾಸ ತಪ್ಪಿತೆಂದು ಹೆಗಡೆಯವರು ರಾಜೀನಾಮೆ ಕೊಟ್ಟು, ವಿಧಾನಸಭೆಗೆ ಹೊಸ ಚುನಾವಣೆಯನ್ನು ಕೋರಿದ್ದರು. ಮನೆಯಲ್ಲಿ ಕೂಡಿದ್ದವರೆಲ್ಲರೂ ಆ ಮನುಷ್ಯನ ಪುಟ ಮುಗಿಯಿತೆಂದೇ ತೀರ್ಮಾನಿಸಿದರು. ನಾನು ಸಾರಿನ ಮೇಲೆ ಸಾರು ಸುರಿದುಕೊಂಡು ಸುಮ್ಮನೆ ತಲೆ ತಗ್ಗಿಸಿದ್ದೆ. ದೊಡ್ಡಪ್ಪನವರು ಬೀಗುವರೆಂದುಕೊಂಡಿದ್ದೆ. ಅವರು ಮಜ್ಜಿಗೆಗೆ ಉಪ್ಪು ಬೆರೆಸುತ್ತ ಹೇಳಿದ್ದು ಅದೇ ಮಾತು: “ನೋಡೋಣ.”

ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಬಂತು. ಅದೇ ಮತದಾರರು, ಅದೇ ಮತಗಟ್ಟೆಗಳು. ನಡುವೆ ಎರಡೂವರೆ ತಿಂಗಳು. ಏದುಸಿರು ಬಿಡುತ್ತ ಸುದ್ದಿ ಹೇಳಲು ಯಲಹಂಕಕ್ಕೆ ಓಡಿದ ನನಗೆ ಅವರು ಒಳಗಿನಿಂದ ಹುರಿಗಾಳು ತರಿಸಿಕೊಟ್ಟು, ಅದಕ್ಕೂ “ನೋಡೋಣ” ಎಂದಾಗ ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡುವುದಿಲ್ಲ.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. 2009ರಲ್ಲಿ ಅಮೆರಿಕೆಯಲ್ಲಿದ್ದ ನನ್ನ ಮಗ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುತ್ತಿದ್ದ. ಜನವರಿಯಲ್ಲಿ ಅಧ್ಯಕ್ಷ ಪದವಿಗೇರಿದ ಒಬಾಮಾ ಅವರನ್ನು ಗ್ಯಾಲಪ್ ಸಂಸ್ಥೆಯ ಎಣಿಕೆಯಂತೆ ಮೂರರಲ್ಲಿ ಎರಡು ಪಾಲು ಜನ ಮೆಚ್ಚಿದ್ದರು; ವರ್ಷ ತುಂಬುವ ಹೊತ್ತಿಗೆ ಆ ಪಾಲು ಅರ್ಧಕ್ಕೆ ಇಳಿದಿತ್ತು. ಮಗನ ಕಚೇರಿಯ ಸಂಪ್ರದಾಯಸ್ಥ ಮಹನೀಯರು ನಾವು ಮೊದಲೇ ಹೇಳಿರಲಿಲ್ಲವೇ ಎಂದು ಹಿಗ್ಗುತ್ತಿದ್ದರಂತೆ. 2012ರಲ್ಲಿ ಅದೇ ಒಬಾಮಾ ಮತ್ತೆ ಗೆದ್ದರು. ಅವರಿಗೂ ಹಿಂದಿನ ಟ್ರೂಮನ್‌ರದಂತೂ ಕೇಳಲೇಬೇಡಿ: 1945ರಲ್ಲಿ ಶೇಕಡ 87, 1952ರಲ್ಲಿ ಶೇಕಡ 22, ಇಂದು ಆ ದೇಶದ ಇತಿಹಾಸಕಾರರು ಅವರನ್ನು ಒಳ್ಳೆಯ ಅಧ್ಯಕ್ಷರ ಸಾಲಿನಲ್ಲಿ ಕೂರಿಸುತ್ತಾರೆ. ದೊಡ್ಡಪ್ಪನವರು ಆ ಹೊತ್ತಿಗೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗನಿಗೆ ನಾನು ಕೊಟ್ಟ ಉತ್ತರ ಯಾವುದೆಂದು ಓದುಗರು ಊಹಿಸಬಲ್ಲರು.

ಹೆಬ್ಬಾಳದ ಮೇಲುಸೇತುವೆಯನ್ನು ನಾನು ಅವರೊಂದಿಗೆ ಒಮ್ಮೆ ದಾಟಿದ್ದೇನೆ. ಅದು 2003ರಲ್ಲಿ ಸಂಚಾರಕ್ಕೆ ತೆರೆದ ಹೊಸತು. ಕವಲುಗಳನ್ನೆಲ್ಲ ಸೇರಿಸಿದರೆ ಐದು ಕಿಲೋಮೀಟರಿಗೂ ಮಿಕ್ಕಿದ ಆ ಕಟ್ಟಡದ ಮೇಲೆ ಆಟೋ ಏರಿದಾಗ, ಎಡಗಡೆ ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಸ್.ಎಂ. ಕೃಷ್ಣ ಅವರ ಕಾಲ. ಬೆಂಗಳೂರನ್ನು ಸಿಂಗಪುರ ಮಾಡುವ ಮಾತು. ನಮ್ಮಂಥ ಪಟ್ಟಣದ ನೌಕರಿವಂತರಿಗೆ ಅವರೆಂದರೆ ಬಹಳ ಮೆಚ್ಚುಗೆ. ಎಂಬತ್ತು ದಾಟಿದ್ದ ದೊಡ್ಡಪ್ಪನವರು ಸೇತುವೆಯ ಕಡೆ ನೋಡಲೇ ಇಲ್ಲ. ಆಟೋದ ಅಂಚಿನಿಂದ ತಲೆ ಹೊರಗಿಟ್ಟು ಮೇಲೆ ನೋಡಿದರು. “ಮೂರು ವರ್ಷದಿಂದ ಊರ ಕಡೆ ಮಳೆಯಿಲ್ಲ,” ಎಂದರು. “ನೀವು ಸೇತುವೆ ನೋಡ್ತೀರಿ. ಹಳ್ಳಿಯವನು ಆಕಾಶ ನೋಡ್ತಾನೆ.” ಮರುವರ್ಷದ ಚುನಾವಣೆಯಲ್ಲಿ, 1999ರಲ್ಲಿ 132 ಸ್ಥಾನ ಗೆದ್ದಿದ್ದ ಪಕ್ಷ 65ಕ್ಕೆ ಬಂದು ನಿಂತಿತು. ಆದರೂ ಕೃಷ್ಣ ಅವರನ್ನು ಅವರು ಎಂದೂ ಹಳಿಯಲಿಲ್ಲ. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಬಂದದ್ದು ಅವರ ಕಾಲದಲ್ಲಿ ಎಂಬುದನ್ನು ಈ ನಿವೃತ್ತ ಮೇಷ್ಟರು ಕೊನೆಯವರೆಗೂ ನೆನೆಯುತ್ತಿದ್ದರು.

ಸೇತುವೆಯ ಗದ್ದಲದಿಂದ ಒಳಗೆ, ಹಳೆಯ ಹೆಬ್ಬಾಳ ಊರಿನಲ್ಲಿ ಒಂದು ಕಲ್ಲಿದೆ. ಅದನ್ನು ದೊಡ್ಡಪ್ಪನವರಿಗೆ ತೋರಿಸಲಾಗಲಿಲ್ಲವಲ್ಲ ಎಂಬ ಕೊರಗು ನನಗಿದೆ. ಅದು ಬೆಳಕಿಗೆ ಬಂದದ್ದೇ 2018ರಲ್ಲಿ. ಸುಮಾರು ಕ್ರಿ.ಶ. 750ರ ವೀರಗಲ್ಲು, ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು. ಊರಿಗಾಗಿ ಕಾದಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ ಅದು. ಆಸಕ್ತರು ಅದಕ್ಕೊಂದು ಚಿಕ್ಕ ಮಂಟಪ ಕಟ್ಟಿದ್ದಾರೆ. ಗಂಗರ ಅರಸ ಶ್ರೀಪುರುಷನ ಹೆಸರೂ ಶಾಸನದಲ್ಲಿ ಬರುತ್ತದೆ. ಆದರೆ ಯಾರು ಆಳುತ್ತಿದ್ದಾಗ ಇದು ನಡೆಯಿತೆಂದು ಕಾಲ ತಿಳಿಸುವುದಕ್ಕಾಗಿ ಮಾತ್ರ, ನಾವು ಕಾಗದದ ಮೇಲೆ ತಾರೀಖು ಬರೆಯುವ ಹಾಗೆ.

ಹೆಬ್ಬಾಳ ದಾಟಿ ಬಸ್ಸು ಯಲಹಂಕದ ಹಾದಿ ಹಿಡಿದಾಗ ಬಲಗಡೆ ಒಳಕ್ಕೆ ರಾಚೇನಹಳ್ಳಿ ಸಿಗುತ್ತದೆ. ಈಗ ಅದರ ಕೆರೆಯ ದಂಡೆಯಲ್ಲಿ ಸಂಜೆ ಜನ ತಿರುಗಾಡುತ್ತಾರೆ. ನನ್ನ ಪ್ರಾಯದವರಿಗೆ ಆ ಹೆಸರು ಕಹಿ. ಹೆಗಡೆಯವರ ಸರ್ಕಾರಕ್ಕೆ 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಪ್ರಕರಣ ಅಂಟಿಕೊಂಡಿತು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ ಅವರು ಪದವಿ ಬಿಟ್ಟರು. ರಾಚೇನಹಳ್ಳಿಯ ಭೂಮಿಯ ವ್ಯವಹಾರ ಕುಲದೀಪ್ ಸಿಂಗ್ ಆಯೋಗದ ಮುಂದೆ ಹೋಯಿತು. ವರದಿ ಬಂದ ಮೇಲೆ 1990ರಲ್ಲಿ ಅವರು ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನವನ್ನೂ ಬಿಡಬೇಕಾಯಿತು. ನಾನು ಅಷ್ಟು ಹೊತ್ತು ಕಾಯಲಿಲ್ಲ. ದೇವರನ್ನೇ ಕೆಳಗಿಳಿಸಿದವನ ಆವೇಶದಿಂದ 1989ರ ನವೆಂಬರಿನಲ್ಲಿ ಎದುರು ಪಕ್ಷಕ್ಕೆ ಮತ ಹಾಕಿ ಬಂದೆ. ಆ ಬಾರಿ ಕಾಂಗ್ರೆಸ್ಸಿಗೆ 178, ಜನತಾ ದಳಕ್ಕೆ 24. ಎಲ್ಲರೂ ನನ್ನಂತೆಯೇ ಸಿಟ್ಟಾಗಿದ್ದರು.

ಎಲ್ಲರೂ ಎಂದೆ, ಒಬ್ಬರನ್ನು ಬಿಟ್ಟು. ಜೀವಮಾನದಲ್ಲಿಯೇ ಮೊದಲ ಬಾರಿಗೆ ದೊಡ್ಡಪ್ಪನವರು ಕಾಂಗ್ರೆಸ್ಸನ್ನು ಬಿಟ್ಟು ಸೋಲುತ್ತಿದ್ದ ಪಕ್ಷಕ್ಕೆ ಮತ ಕೊಟ್ಟಿದ್ದರು. ಅದನ್ನು ಕೇಳಿ ನಾನು ಅವರ ಜಗಲಿಯ ಮೇಲೆ ನಿಂತು ಹಿರಿಯರೆಂಬುದನ್ನೂ ನೋಡದೆ ಕೂಗಾಡಿದೆ. “ಏಳು ವರ್ಷ ನಂಬಲಿಲ್ಲ, ಎಲ್ಲ ಹಾಳಾದ ಮೇಲೆ ನಂಬಿದಿರಾ ದೊಡ್ಡಪ್ಪಾ?” ಎಂದು ಕೇಳಿದೆ. “ನಾನು ಆಗಲೂ ನಂಬಲಿಲ್ಲ, ಈಗಲೂ ನಂಬಿಲ್ಲ ಮಗು,” ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಆಮೇಲೆ ಎರಡು ವರ್ಷ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ದೊಡ್ಡಮ್ಮ ತೀರಿಕೊಂಡಾಗ ಹೋದೆ. ಆ ದಿನ ಮತದ ಮಾತು ಯಾರ ಬಾಯಲ್ಲಿ ಬಂದೀತು?

ಕಳೆದ ತಿಥಿಯ ದಿನ ಅಣ್ಣ ಅಟ್ಟ ಇಳಿಸಿದ್ದ. ಹಿತ್ತಾಳೆಯ ಪಾತ್ರೆಗಳ ನಡುವೆ ದೊಡ್ಡಪ್ಪನವರ ಜಮಾಖರ್ಚಿನ ಪುಸ್ತಕಗಳ ಕಟ್ಟು ಸಿಕ್ಕಿತು. ಹಾಲಿನ ಲೆಕ್ಕ, ಸೌದೆಯ ಲೆಕ್ಕ, ಊರಿಗೆ ಹೋದ ಬಸ್ಸಿನ ಚೀಟಿ. ಪ್ರತಿ ಯುಗಾದಿಗೆ ಅವರು ಹಳ್ಳಿಗೆ ಹೋಗಿ ಬರುತ್ತಿದ್ದರು. ನಜೀರ್ ಸಾಬರು ಮಂತ್ರಿಗಳಾಗಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಕಾಲದಲ್ಲಿ ನಮ್ಮ ಹಳ್ಳಿಗೂ ಒಂದು ಬೋರಿಂಗ್ ಬಂದಿತ್ತು. ಯುಗಾದಿಯ ಖರ್ಚಿನ ಕೆಳಗೆ, ಶಾಲೆಯ ಹಾಜರಿ ಪುಸ್ತಕ ತುಂಬಿದ ಅದೇ ಗುಂಡು ಅಕ್ಷರದಲ್ಲಿ, ಒಂದೊಂದು ಸಾಲು ಇತ್ತು.

1985: ಬೋರಿಂಗಿನಲ್ಲಿ ನೀರು ಬರುತ್ತದೆ. 1986: ಬರುತ್ತದೆ, ಹಿಡಿ ಸಡಿಲ. 1987: ಕೆಟ್ಟಿದೆ, ಮಂಡಲ ಪಂಚಾಯತಿಗೆ ಅರ್ಜಿ ಬರೆದುಕೊಟ್ಟೆ. 1988: ರಿಪೇರಿಯಾಗಿದೆ, ಹೆಂಗಸರು ಕೆರೆಗೆ ಹೋಗುವುದು ನಿಂತಿದೆ. 1989: ಬರುತ್ತದೆ.

ಮುಂದಿನ ಪುಟ ತಿರುವುವಷ್ಟರಲ್ಲಿ ಅಣ್ಣ ನಡುಮನೆಯಿಂದ ಕರೆದ. ಎಲೆ ಹಾಕಿಯಾಗಿತ್ತು. ಪುಸ್ತಕವನ್ನು ಕೆಳಗಿಡಲು ಮನಸ್ಸಾಗದೆ ತೋಳಿನ ಸಂದಿಯಲ್ಲಿ ಇಟ್ಟುಕೊಂಡೇ ಕೈ ತೊಳೆಯಲು ಎದ್ದೆ.