ಪಂಪು ನೀರು ಹಿಡಿಯಲೇಬೇಕು!

2019ರ ಫೆಬ್ರುವರಿ 23. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ. ಜನರ ಕಣ್ಣೆಲ್ಲ ಆಕಾಶದಲ್ಲಿ, ಬೆಂಕಿ ಎದ್ದದ್ದು ಕಾರು ನಿಲ್ಲಿಸಿದ್ದ ಒಣಹುಲ್ಲಿನ ಬಯಲಲ್ಲಿ. ಗಾಳಿ ಜೋರಾಗಿತ್ತು. ಜ್ವಾಲೆ ಸಾಲಿನಿಂದ ಸಾಲಿಗೆ ಜಿಗಿಯಿತು, ಕಪ್ಪು ಹೊಗೆ ಮುಗಿಲು ಮುಚ್ಚಿತು. ಅಗ್ನಿಶಾಮಕ ಸಿಬ್ಬಂದಿ ಒಂದು ಕಡೆ ನೀರು ಹೊಡೆಯುತ್ತಲೇ ಇನ್ನೊಂದು ಕಡೆ ಪಕ್ಕದ ಕಾರುಗಳನ್ನು ಸರಿಸಿ ನಡುವೆ ಜಾಗ ಖಾಲಿ ಮಾಡಿದರು. ಬೆಂಕಿ ಅಲ್ಲಿಗೆ ನಿಂತಿತು. ಸುಮಾರು 300 ಕಾರು ಕರಕಲಾದವು, ಒಂದು ಜೀವವೂ ಹೋಗಲಿಲ್ಲ.

ಅದೇ ಒಣಹುಲ್ಲು, ಅದೇ ಗಾಳಿ ನಮ್ಮ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಬೇಸಿಗೆ ಪೂರ್ತಿ ಇರುತ್ತದೆ. ಅಲ್ಲಿಯಷ್ಟು ಬೆಂಕಿ ಆರಿಸುವ ವಾಹನಗಳು ಇಲ್ಲಿ ಒಟ್ಟಿಗೆ ಎಲ್ಲಿಂದ ಬರಬೇಕು? ಇದ್ದ ಒಂದು ಹಳೇ ಗಾಡಿಯೂ ಕೈಕೊಟ್ಟರೆ?

ಸೇನೆಯ ಹಳೇ ಶಕ್ತಿಮಾನ್ ಲಾರಿ ನೆನೆಯಿರಿ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಗಟ್ಟಿ ಜೀವ. ಅದರ ಚಾಸಿಯ ಮೇಲೂ ಬೆಂಕಿ ಆರಿಸುವ ವಾಹನ ಕಟ್ಟಿದರು. ಇಂಥ ವಾಹನ ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ, ಟೈರಿನ ಹಲ್ಲು ಹೊಸದರಂತೆ, ಪಕ್ಕದ ರಬ್ಬರು ಮಾತ್ರ ಬಿರುಕು.

ಅಂಥದೊಂದು ವಾಹನ ನಮ್ಮ ಸೀಮೆಯ ಅಗ್ನಿಶಾಮಕ ಠಾಣೆಯಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕೊಟ್ಟೂರಿನಾಚೆ ಶೇಂಗಾ ಹೊಟ್ಟಿನ ಬಣವೆಗೆ ಬೆಂಕಿ, ಪಕ್ಕದಲ್ಲೇ ದನದ ಕೊಟ್ಟಿಗೆ! ಗಂಟೆ ಬಾರಿಸಿತು. ಎಂಜಿನ್ ಗುಡುಗಿತು. ಗಾಡಿ ಮಾತ್ರ ಕದಲದು.

"ಯಣ್ಣಾ, ಹೋಗಾಣ ನಡಿ!"

"ತಡಿಯಪ್ಪಾ, ಬ್ರೇಕಿಗೆ ಗಾಳಿ ಇನ್ನಾ ಏರಿಲ್ಲ!"

ಎಲ್ಲೋ ಸಣ್ಣ ಸೋರಿಕೆ, ರಾತ್ರಿಯೆಲ್ಲ ಗಾಳಿ ಖಾಲಿ. ಗಾಳಿ ಮೀಟರಿನ ಮುಳ್ಳು ಮೇಲೇರುವ ತನಕ ಕಾಯಲೇಬೇಕು. ಹೊರಟರೆ ಮುಂದಿನ ಗಂಡಾಂತರ ತಿರುವಿನಲ್ಲಿ. ಟ್ಯಾಂಕಿನೊಳಗೆ ನೀರಿನ ಅಲೆ ತಡೆಯುವ ಅಡ್ಡತಗಡುಗಳು ತುಕ್ಕು ತಿಂದಿವೆ. ಟನ್ನುಗಟ್ಟಲೆ ನೀರು ಒಂದೇ ಮಗ್ಗುಲಿಗೆ ನುಗ್ಗುತ್ತದೆ. ಸ್ಟೀರಿಂಗ್ ಹಿಡಿದವನ ಕೈ ನಡುಗುತ್ತದೆ, ವೇಗ ಇಳಿಸದಿದ್ದರೆ ಗಾಡಿಯೇ ಮಗುಚುತ್ತದೆ.

ಬಣವೆ ಮುಂದೆ ನಿಂತರು, ನೀರು ಚಿಮ್ಮಿತು. ತುಸು ಹೊತ್ತಿಗೇ ಧಾರೆ ಸಣ್ಣದಾಯಿತು, ನಳಿಕೆಯ ಬಾಯಲ್ಲಿ ತುಕ್ಕಿನ ಚಕ್ಕೆ. ಬಿಚ್ಚಿ ಕೊಡವಿ ಮತ್ತೆ ಹೊಡೆಯುವಷ್ಟರಲ್ಲಿ ಟ್ಯಾಂಕು ಬರಿದು. ಕೃಷಿ ಹೊಂಡಕ್ಕೆ ಕೊಳವೆ ಇಳಿಸಿದರು. ಪಂಪು ಗಿರಗಿರ ತಿರುಗಿತು, ನೀರು ಬರಲಿಲ್ಲ! ಕೊಳವೆಯೊಳಗಿನ ಗಾಳಿ ಪೂರ್ತಿ ಹೊರಹೋಗದೆ ಈ ಪಂಪು ನೀರೆಳೆಯದು. ಒಣಗಿದ ವಾಷರಿನಿಂದ ಗಾಳಿ ಒಳನುಗ್ಗುತ್ತಿದ್ದರೆ ತೂತು ಬಿದ್ದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ. ಪಂಪು ಸರಿಯಿದ್ದರೂ ಏಳು ಮೀಟರಿಗಿಂತ ಆಳದ ನೀರನ್ನು ಎಳೆಯುವುದು ಕಷ್ಟ. ಆಳದ ಬಾವಿ ಇಣುಕಿ ನೋಡಿ ಫಲವಿಲ್ಲ.

ಒಬ್ಬ ಕೈಯಲ್ಲೇ ತಡವುತ್ತ ಜೋಡಣೆಗಳನ್ನು ಬಿಗಿದ, ವಾಷರು ತಿರುವಿ ಹಾಕಿದ. ಇನ್ನಿಬ್ಬರು ಊರವರ ಜತೆ ಕೊಟ್ಟಿಗೆಗೆ ನುಗ್ಗಿ ಹಗ್ಗ ಕೊಯ್ದು ದನ ಹೊರಗಟ್ಟಿದರು. ಪಂಪು ಕೆಮ್ಮಿತು, ನೊರೆ ಬಂತು, ಧಾರೆ ಎದ್ದಿತು! ಬಣವೆ ಬೂದಿ. ಕೊಟ್ಟಿಗೆ ಉಳಿಯಿತು.

ಇದರಲ್ಲಿ ಎಂಜಿನ್ನಿನ ತಪ್ಪು ಎಲ್ಲಿದೆ? ಕೈಕೊಟ್ಟದ್ದು ವಾಷರು, ಕೊಳವೆ, ತಗಡು. ಅವುಗಳ ಬೆಲೆ ದನವೊಂದರ ಬೆಲೆಗೆ ಸಮನಲ್ಲ. ಇನ್ನು ಹಳೇ ಗಾಡಿಗಳ ಮಾತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹಳೇದು ಹೋಗಲಿ, ಅಡ್ಡಿಯಿಲ್ಲ. ಆದರೆ ಹೊಸದು ಠಾಣೆಯಂಗಳಕ್ಕೆ ಬಂದು ನಿಂತ ಮೇಲೆಯೇ ಹೋಗಲಿ. ಹೊಸದನ್ನೂ ವಾರಕ್ಕೊಮ್ಮೆ ಕೆರೆ ದಂಡೆಗೆ ಒಯ್ದು ಪಂಪು ನೀರೆಳೆಯುತ್ತದೆಯೇ ಎಂದು ನೋಡಿ. ರೈತಬಾಂಧವರೇ, ಬಣವೆಯನ್ನು ಕೊಟ್ಟಿಗೆಯಿಂದ ದೂರ ಒಟ್ಟಿ, ಗಾಡಿ ಬರುವಷ್ಟು ದಾರಿ ಬಿಡಿ.